ಮೂರನೇ ಕಲಮು

ಕೇಸ್ ಶೀಟಿನಲ್ಲಿ ತನುಜಾ ಡಾಕ್ಟರು ಬರೆದದ್ದು ಒಂದೇ ಪದ,
ಹಸಿರು ಶಾಯಿ, ಕೆಳಗೆ ಎರಡು ಗೆರೆ: ಫ್ರೇಲ್.
ಪಕ್ಕದಲ್ಲೊಂದು ಅಂಕಿ, ಆರು.
ಒಂದು ಅಂದರೆ ಗಟ್ಟಿಮುಟ್ಟು, ಒಂಬತ್ತು ಅಂದರೆ ಇನ್ನೇನು ಹೊರಟ ಜೀವ.
ಆರು ಅಂದರೆ ಸ್ನಾನಕ್ಕೆ ಒಬ್ಬರು ಬೇಕು, ಮೆಟ್ಟಿಲಿಗೆ ಒಂದು ಕೈ.

ನನ್ನದು ದಾವಣಗೆರೆ ಆಸ್ಪತ್ರೆಯ ರೆಕಾರ್ಡ್ ರೂಮು.
ಪಿಂಚಣಿ ಅರ್ಜಿಯ ಮೂರನೇ ಕಲಮಿಗೆ
ಆ ಪದವನ್ನು ಕನ್ನಡದಲ್ಲಿ ಇಳಿಸಬೇಕು.
ಜಾಗ ಎರಡು ಬೆರಳಗಲ.

ದುರ್ಬಲ ಎಂದು ಬರೆದೆ, ಹೊಡೆದುಹಾಕಿದೆ.
ಮುಂಗಾರಿಗೆ, ಮೈತ್ರಿ ಸರ್ಕಾರಕ್ಕೆ ಪೇಪರಿನವರು ಬಳಸಿ ಸವೆಸಿದ ಪದ.
ನಿತ್ರಾಣ, ಜ್ವರ ಬಿಟ್ಟ ಮೂರು ದಿನಕ್ಕೆ ಸರಿ,
ಗಂಜಿ ಕುಡಿದರೆ ಹೋಗುತ್ತದೆ.
ಸಣಕಲು ಬೈಗುಳ.
ಜೀರ್ಣ ಎಂದರೆ ಉದ್ಧಾರ ಮಾಡುವವರು ರಸೀದಿ ಪುಸ್ತಕ ಹಿಡಿದು ಬರುತ್ತಾರೆ.

ಮಧ್ಯಾಹ್ನ ಕರೆಂಟು ಹೋದಾಗ
ಬೆನ್ನು ಮುರಿದ ಇಂಗ್ಲಿಷ್ ನಿಘಂಟನ್ನು ಕಪಾಟಿನಿಂದ ಇಳಿಸಿದೆ.
ಲ್ಯಾಟಿನ್ನಿನಲ್ಲಿ ಮುರಿಯುವುದು ಎಂಬುದೊಂದು ಕ್ರಿಯೆ.
ಮೂಳೆ ವಾರ್ಡಿನ ಫ್ರ್ಯಾಕ್ಚರು, ನನ್ನನ್ನು ಐದನೇ ಕ್ಲಾಸಿನಲ್ಲಿ ಅಳಿಸಿದ ಫ್ರ್ಯಾಕ್ಷನ್ನು,
ಔಷಧಿ ಪೆಟ್ಟಿಗೆಯ ಮೇಲೆ ಬಿರುಕು ಗ್ಲಾಸಿನ ಪಕ್ಕ ಅಚ್ಚಾದ ಫ್ರಜೈಲು,
ಎಲ್ಲ ಅದರ ಹೊಟ್ಟೆಯಲ್ಲಿ ಹುಟ್ಟಿದವು.
ಫ್ರೇಲ್ ಮಾತ್ರ ಫ್ರಾನ್ಸ್ ಸುತ್ತಿ ಬಂದದ್ದು,
ದಾರಿಯಲ್ಲಿ ನಡುವಿನ ಒಂದಕ್ಷರ ಉದುರಿಸಿಕೊಂಡು,
ಹಲ್ಲು ಬಿದ್ದವರ ಮಾತಿನ ಹಾಗೆ.

ಆರುನೂರು ವರ್ಷದ ಹಿಂದೆ ಅದು ಮೈಗಿಂತ ಮನಸ್ಸಿನ ಮಾತು:
ಆಸೆಗೆ ಬೇಗ ಬಾಗುವವನು,
ಪಾದ್ರಿಯ ಮುಂದೆ ಮತ್ತೆ ಮತ್ತೆ ಮೊಣಕಾಲೂರುವವನು.
ಆಮೇಲೆ ಯಾರೋ ಅದನ್ನು ಹೆಂಗಸರ ಹಣೆಗೆ ಅಂಟಿಸಿದರು.
ಕಾಲು ಜಾರಿದವಳು ಎನ್ನುತ್ತೇವಲ್ಲ, ಹಾಗೆ.
ಗಂಡಸರ ಕಾಲಡಿ ಯಾವ ಭಾಷೆಯಲ್ಲೂ ನೆಲ ಒದ್ದೆಯಿರುವುದಿಲ್ಲ.

ಕೆಳಗೆ, ಸಣ್ಣಕ್ಷರದಲ್ಲಿ, ಬೇರೆ ಬೇರಿನ ಇನ್ನೊಂದು ಫ್ರೇಲ್:
ಜೊಂಡಿನಲ್ಲಿ ಹೆಣೆದ ಬುಟ್ಟಿ,
ಅಂಜೂರ, ಒಣದ್ರಾಕ್ಷಿ ತುಂಬಿ ಹಡಗಿಗೆ ಏರಿಸಲು.

ಮೌಲಮ್ಮ ನೆನಪಾದದ್ದು ಆಗ.
ಅಲ್ಲಿಯವರೆಗೆ ಅವಳು ಬರೀ ಕೇಸ್ ಶೀಟು.

ವಯಸ್ಸು ಎಪ್ಪತ್ತು, ಅಂದಾಜು.
ಮಂಡಕ್ಕಿ ಭಟ್ಟಿಯಲ್ಲಿ ನಲವತ್ತು ವರ್ಷ,
ಬೆಳಗಿನ ಮೂರಕ್ಕೆ ಮರಳು ಕಾಯಿಸಿ, ಟೈರಿನ ಹೊಗೆ ಕುಡಿದು.
ಕೈಬಲ ಅಳೆಯುವ ಯಂತ್ರ ಹಿಸುಕಿದಾಗ ಮುಳ್ಳು ಹನ್ನೊಂದಕ್ಕೇ ನಿಂತಿತಂತೆ.
ಅವಳು ಯಂತ್ರವನ್ನೇ ತಿರುಗಿಸಿ ನೋಡಿ
"ಎಷ್ಟು ರೂಪಾಯಿದವ್ವ ಇದು?" ಅಂದಳಂತೆ.

ಅರ್ಜಿಗೆ ಹೆಬ್ಬೆಟ್ಟೊತ್ತಲು ಬಂದಳು.
ಗೆರೆಗಳು ಬಿಸಿಮರಳಿಗೆ ಸವೆದು ಹೋಗಿದ್ದವು;
ಮೂರು ಸಲ ಒತ್ತಿದರೂ ಬರೀ ನೀಲಿ ಮಚ್ಚೆ.
"ನಿನಗೇನಾಗೇತಿ ಅಂತ ಬರೀಲಿ?" ಕೇಳಿದೆ.

"ಏನಾಗೇತಿ? ಹಗೂರ ಆಗೀನಿ.
ಅಕ್ಕಿ ಇದ್ದಾಗ ಪುಟ್ಟಿ ಎತ್ತಾಕ ಇಬ್ರು ಬೇಕು.
ಅರಳಿದ ಮ್ಯಾಲೆ ಅದೇ ಪುಟ್ಟಿ ತುಂಬಾ ಇದ್ರೂ
ಸಣ್ಣ ಹುಡುಗಿ ಒಂದ್ ಕೈಲಿ ಎತ್ಕಂಡು ಹೋಗ್ತಾಳ.
ಕಾಳು ಅದೇ ಅಲ್ಲೇನಪ್ಪ?"
ಆಮೇಲೆ, ಬೆರಳಿನ ಮಸಿ ಸೆರಗಿಗೆ ಒರೆಸುತ್ತಾ,
"ಗಾಳಿಗೆ ತೆರೆದಿಡಬಾರ್ದು ಅಷ್ಟೆ. ಮೆತ್ತಗಾಗ್ತೈತಿ."

ಮೂರನೇ ಕಲಮಿನಲ್ಲಿ ಅಶಕ್ತತೆ ಎಂದೇ ಬರೆದೆ.
ತಾಲೂಕು ಕಚೇರಿಗೆ ಗೊತ್ತಿರುವುದು ಅದು;
ಬೇರೇನಾದರೂ ಬರೆದರೆ ಅರ್ಜಿ ವಾಪಸು.
ನಿಘಂಟು ಮುಚ್ಚುವಾಗ ಇನ್ನೊಂದು ಹಾಳೆ ಕಳಚಿತು,
ಯಾವ ಅಕ್ಷರದ್ದೋ ನೋಡಲಿಲ್ಲ.

ಕಿಟಕಿಯಿಂದ ಕಾಣುತ್ತಿತ್ತು.
ಮೊಮ್ಮಗಳ ಭುಜ ಹಿಡಿದು ಇಳಿಯುತ್ತಿದ್ದಳು,
ಹನ್ನೆರಡು ಮೆಟ್ಟಿಲು, ಮೂರು ಕಡೆ ನಿಂತು.
ನಿಂತಾಗಲೆಲ್ಲ ಆ ಹುಡುಗಿಗೆ ಗದರುವಳು:
"ನಿಧಾನಕ್ಕೆ ಹೆಜ್ಜಿ ಇಡೇ, ಬಿದ್ದುಗಿದ್ದೀಯ!"